ಇಪ್ಪತ್ತು ನೀರುನಾಯಿಗಳ ಹೆಜ್ಜೆ

ಅಕ್ಕಾ,

ನನ್ನ ಎಡಗಾಲು ಹೋಯಿತು. ಅಳಬೇಡ, ಹೋದದ್ದು ಎಡಗಾಲಿನ ಚಪ್ಪಲಿ, ಅದೂ ಕೋರ್ಟಿನ ಬಾಗಿಲಲ್ಲಿ. ಕಳ್ಳ ಒಂಟಿಕಾಲಿನವನಿರಬೇಕು.

ಮರಳು ತೆಗೆಯುವ ಕಂಪನಿಗೆ ನಮ್ಮ ಹೊಳೆಯ ನೀರುನಾಯಿಗಳನ್ನು ಕಾಯುವ ಕಾಯ್ದೆ ಬೇಡವಂತೆ. ಪ್ರಾಣಿ ಎಣಿಸುವ ಮೇಡಂಗೆ ದೋಣಿ ನಡೆಸುತ್ತಿದ್ದವನೆಂದು ನನ್ನನ್ನು ಸಾಕ್ಷಿಗೆ ಕರೆಸಿದರು. ಕಟಕಟೆ ಹತ್ತಿದರೆ ಮಂಡಿಯೇ ಕಟಕಟ ಅಂದಿತು. ಎದುರಿನ ಗೋಡೆಯಷ್ಟಗಲ ನಮ್ಮ ಮರಳುದಿಬ್ಬದ ಫೋಟೋ, ಅದರ ತುಂಬ ಹೆಜ್ಜೆಗಳು. ಕಂಪನಿಯ ವಕೀಲ ಕೋಲಿನಿಂದ ಒಂದೊಂದನ್ನೇ ಕುಟ್ಟಿ ತೋರಿಸಿದ.

"ಮೂರು ವರ್ಷದ ಹಿಂದೆ ಈ ಮೇಡಂ ಎಣಿಸಿದಾಗ ಇದೊಂದೇ ಜಾಗದಲ್ಲಿ ಇಪ್ಪತ್ತು ನೀರುನಾಯಿ ಇದ್ವು ಸ್ವಾಮಿ. ಇಷ್ಟೊಂದಿರೋ ಪ್ರಾಣಿಗೆ ಕಾಯ್ದೆ ಯಾಕೆ? ಏನಜ್ಜ, ಈ ಹೆಜ್ಜೆ ನೀವೂ ನೋಡಿದ್ರಲ್ಲ?"

"ನೋಡಿದ್ದೆ," ಅಂದೆ.

"ಸಾಕು, ಇಳೀರಿ."

ಈ ವರ್ಷ ನಾನು ಕಂಡದ್ದು ಮೂರೇ ಮೂರು, ಅದರಲ್ಲಿ ಎರಡು ಬಲೆಗೆ ಸಿಕ್ಕಿ ಸತ್ತಿದ್ದವು. ಅದನ್ನು ಯಾರೂ ಕೇಳಲಿಲ್ಲ. ಮೇಡಂ ತಲೆ ತಗ್ಗಿಸಿ ಕೂತಿದ್ದರು. ತೀರ್ಪು ನಾಡಿದ್ದು.

ಬಿ.ಪಿ. ಮಾತ್ರೆ ಇನ್ನೂ ನಾಲ್ಕಿವೆ, ಊರಿಗೆ ಬರುವತನಕ ಸಾಕು. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಇದೊಂದು ಮಾತ್ರ ತಮಾಷೆಯಲ್ಲ ಅಕ್ಕಾ. ಆ ವರ್ಷ ಎಣಿಕೆಯ ಹಿಂದಿನ ದಿನ ಮರದಲ್ಲಿ ನೀರುನಾಯಿಯ ಪಾದ ಕೆತ್ತಿ, ದಿಬ್ಬದ ತುಂಬ ಒತ್ತಿಬಂದವನು ನಾನೇ. ಮೇಡಂ ಪೇಚಾಡುವುದನ್ನು ನೋಡಿ, ಆಮೇಲೆ ನಕ್ಕು ಹೇಳೋಣವೆಂದಿದ್ದೆ. ಅವರು ಖುಷಿಗೆ ಕಣ್ಣೊರೆಸಿಕೊಳ್ಳುತ್ತ ಬರೆದುಕೊಂಡರು, ನನಗೆ ಹೇಳಲು ಬಾಯಿ ಬರಲಿಲ್ಲ. ಇವತ್ತು ಜಡ್ಜ್ ಎದುರಿಗೂ ಬರಲಿಲ್ಲ.

ನಿನ್ನ ತಮ್ಮ