ಕ್ಲಾಸಿನಲ್ಲಿ ಕೂಗಿ ಹೇಳಿದ ಮಾತು

ದೊಡ್ಡಮ್ಮ, ಓದಿ ಮುಗಿಸುವ ಮೊದಲೇ ಬೈಯಬೇಡಿ,

ನಿಮ್ಮ ಹಾಗೆ ಹಳ್ಳಿಯ ನರ್ಸ್ ಆಗುತ್ತೇನೆಂದು ಹೊರಟವಳು ನಾನು. ಉಡುಪಿಯ ನರ್ಸಿಂಗ್ ಕಾಲೇಜಿಗೆ ಬಂದು ಎಂಟು ತಿಂಗಳಾಯಿತು. ಕಲಿತದ್ದೆಂತ? ಬೆಡ್‌ಶೀಟಿನ ಮೂಲೆ ಮಡಿಸುವುದು! ಶಾಲಾ ಮಕ್ಕಳ ಆರೋಗ್ಯಕ್ಕೆ ಒಂದೇ ಲೆಕ್ಚರ್, ಅದೂ ಇಂಗ್ಲಿಷಿನಲ್ಲಿ. ಮರುವಾರವೇ ನಮ್ಮನ್ನು ವ್ಯಾನಿನಲ್ಲಿ ತುಂಬಿ ಎರ್ಮಾಳಿನ ಶಾಲೆಗೆ ಮೂರು ದಿನದ ಪೋಸ್ಟಿಂಗಿಗೆ ಬಿಟ್ಟರು.

ವಾರ್ಡಿನಲ್ಲಿ ಒಬ್ಬಳು ನೋಡಿ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬಳು ಬರೆಯಬೇಕು. ನಮಗೆ ಗೊತ್ತಿದ್ದ ಪದ್ಧತಿ ಅದೊಂದೇ. ಐದನೇ ಕ್ಲಾಸಿನ ಸುಮತಿಯ ಜಡೆ ಬಿಚ್ಚಿ ನೋಡಿದೆ. ಪುಸ್ತಕ ಹಿಡಿದ ಗೆಳತಿ ದೂರ ಬಾಗಿಲ ಬಳಿ ನಿಂತಿದ್ದಳು. "ಹೇನು, ತುಂಬಾ ಉಂಟು!" ಎಂದು ಕೂಗಿದೆ. ಹಿಂದಿನ ಬೆಂಚಿನಿಂದ ಯಾರೋ "ಹೇನಿನ ರಾಣಿ!" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಮ್ಮ ಟ್ಯೂಟರಿಗೆ ಹೇಳಿದರೆ, "ಪೋಸ್ಟಿಂಗ್ ಮುಗಿಯಿತಲ್ವಾ? ರೆಕಾರ್ಡ್ ಬರೆದು ಕೊಡಿ" ಎಂದರು. ಅಷ್ಟೆ.

ಬೋರ್ಡಿಂಗ್ ಶಾಲೆಯಿಂದ ನಾನು ರಜೆಗೆ ಬಂದಾಗಲೆಲ್ಲ ನೀವು ಹಿತ್ತಿಲ ಮೆಟ್ಟಿಲಲ್ಲಿ ಕೂರಿಸಿ ತಲೆ ಬಾಚುತ್ತಿದ್ದಿರಿ. ಬಾಚುತ್ತ ಅಲೆವೂರಿನ ಯಾರದೋ ಹೆರಿಗೆಯ ಕಥೆ ಹೇಳುತ್ತಿದ್ದಿರಿ. ಹೇನಿನ ಮಾತೇ ಎತ್ತುತ್ತಿರಲಿಲ್ಲ. ಅದನ್ನು ನಿಮಗೆ ಯಾರು ಕಲಿಸಿದರು? ನಮಗೇಕೆ ಯಾರೂ...

ಇವತ್ತು ಭಾನುವಾರ. ಬೆಳಿಗ್ಗೆ ಯೂನಿಫಾರ್ಮ್ ಇಲ್ಲದೆ, ನೀವು ಕೊಟ್ಟ ಮರದ ಬಾಚಣಿಗೆ ಹಿಡಿದು ಎರ್ಮಾಳಿನ ಬಸ್ ಹತ್ತಿದೆ. ಸುಮತಿಯ ಅಮ್ಮ ಮೀನು ಮಾರುವವರು. ಅಂಗಳದಲ್ಲೇ ತಡೆದರು. "ಬಂದ್ಯಾ ಮಾರಾಯ್ತಿ? ಇವತ್ತು ಮೈಕ್ ತರಲಿಲ್ವಾ?" ಮತ್ತೆ ಅವರೇ ಹೇಳಿದರು, "ನಾನು ಬೆಳಕು ಹರಿಯುವ ಮೊದಲು ಮೀನಿಗೆ ಹೋಗುವವಳು. ಇವಳ ತಲೆ ಬಾಚಲಿಕ್ಕೆ ಮನೆಯಲ್ಲಿ ಯಾರುಂಟು, ಹೇಳು?"

ನಮ್ಮ ಲೆಕ್ಚರಿನಲ್ಲಿ ಅದು ಇರಲಿಲ್ಲ ದೊಡ್ಡಮ್ಮ.

ಸುಮತಿ ಕಂಬದ ಹಿಂದೆ ನಿಂತಿದ್ದಳು. ಬಾಚಣಿಗೆಯನ್ನು ಅವಳ ಕೈಗೆ ಕೊಟ್ಟು, ನನ್ನ ಜಡೆ ಬಿಚ್ಚಿ, ಅವಳಿಗೆ ಬೆನ್ನು ಹಾಕಿ ಮೆಟ್ಟಿಲಲ್ಲಿ ಕೂತೆ. "ಮೊದಲು ನನ್ನದು ನೋಡು."

ಎಳೆ ಎಳೆ ಬಿಡಿಸಿ ಅರ್ಧ ತಲೆ ಬಾಚಿದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, ಅಂಗಳದಲ್ಲಿದ್ದ ಅಮ್ಮನಿಗೂ ಕೇಳಿಸದ ಹಾಗೆ, "ಅಕ್ಕ, ನಿಮಗೂ ಉಂಟು" ಎಂದಳು.

ನಾಳೆ ಶಾಲೆಗೆ ಹೋಗುತ್ತಾಳಂತೆ. ಇದನ್ನು ಬರೆಯಲು ರೆಕಾರ್ಡಿನಲ್ಲಿ ಕಾಲಂ ಇಲ್ಲ, ಅದಕ್ಕೇ ನಿಮಗೆ ಬರೆದೆ. ಬರುವ ಭಾನುವಾರವೂ ಹೋಗುತ್ತೇನೆ. ಅವಳದು ನಾನು ಇವತ್ತೇ ಬಾಚಿ ಆಯಿತು. ನನ್ನದು ಇನ್ನೂ ಅರ್ಧ ಬಾಕಿ ಉಂಟಂತೆ.