ಪೆಟ್ಟಿಗೆಯ ಹುಳು, ಅಣಬೆಯ ಹುಳು

ಸ್ವರ್ಗಸ್ಥ ದೊಡ್ಡಪ್ಪನವರ ದಿವ್ಯ ಸನ್ನಿಧಿಗೆ, ನೀವು ಹೊರಗೆ ಹಾಕಿದ ತಮ್ಮನ ಮಗನ ಕೋಪಪೂರ್ವಕ ನಮಸ್ಕಾರಗಳು. ಕ್ಷೇಮ ವಿಚಾರಿಸುತ್ತಿಲ್ಲ. ನಮ್ಮ ಜಗಳ ಮುಗಿಯುವ ಮೊದಲೇ ನೀವು ಹೊರಟುಬಿಟ್ಟಿರಿ, ಅದಕ್ಕೇ ಈ ಕಾಗದ.

ಹೋದ ಕಾರ್ತಿಕದಲ್ಲಿ ಪುಸ್ತಕದ ಪೆಟ್ಟಿಗೆ ತೆರೆದ ಬೆಳಗು ನೆನಪಿದೆಯೇ? ನಮ್ಮ ತಮಿಳು ಸೀಮೆಯ ಓಮಲೂರಿನ ಸುತ್ತ ನನಗೆ ಗೊತ್ತಿದ್ದ ಕನ್ನಡ ಪುಸ್ತಕಗಳೆಲ್ಲ ಆ ಒಂದೇ ಪೆಟ್ಟಿಗೆಯಲ್ಲಿದ್ದವು. ಹಾಳೆಯ ಮೇಲೆ ಬೂಷ್ಟು, ಬೂಷ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಹುಳುಗಳು. ನೀವು ನೇರವಾಗಿ ನನ್ನ ಕಿವಿಗೇ ಕೈ ಹಾಕಿದಿರಿ.

"ಲೇ, ಉತ್ತದ ಅಣಬೇಲಿರೋ ಉಳಾನ ತಂದು ಇದ್ರೊಳಗೆ ಬುಟ್ಟಿದೀಯ."

"ನಾನ್ ಬುಟ್ಟಿಲ್ಲ ದೊಡ್ಡಪ್ಪ. ಅದೇ ಬೇರೆ, ಇದೇ ಬೇರೆ."

"ಅದೂ ಬೆಳ್ಳಗೈತೆ, ಇದೂ ಬೆಳ್ಳಗೈತೆ. ಅದೂ ಬೂಷ್ಟು ತಿಂತೈತೆ, ಇದೂ ತಿಂತೈತೆ. ನನ್ಗೇ ಪಾಠ ಏಳ್ಕೊಡ್ತೀಯಾ? ಇನ್ಮೇಲೆ ಪೆಟ್ಗೆ ಮುಟ್ಟಿದ್ರೆ ಕೈ ಮುರಿತೀನಿ. ಪೋಡಾ ವೆಳಿಯೆ."

ಹೊರಗೆ ಹೋಗು ಎನ್ನಲು ಮಾತ್ರ ನಿಮಗೆ ತಮಿಳು ಬೇಕಾಗುತ್ತಿತ್ತು.

ಅದರ ಹಿಂದಿನ ವಾರ ನಿಮ್ಮ ಮುಂಡಾಸಿನೊಳಗೆ ಅಣಬೆ ಇಟ್ಟವನು ನಾನೇ, ಒಪ್ಪುತ್ತೇನೆ. ಹುಳುಗಳು ನಿಮ್ಮ ಬೋಳುತಲೆಯ ಮೇಲೆ ಕುಣಿದದ್ದನ್ನು ಬೀದಿಯೇ ನೋಡಿತು. ಆದರೆ ಮಾಡಿದ ತಪ್ಪಿಗೆ ಒಂದು ಏಟು, ಮಾಡದ ತಪ್ಪಿಗೆ ಓದೇ ಬಂದ್. ಇದು ಯಾವ ಊರಿನ ನ್ಯಾಯ?

ಮೊನ್ನೆ ನಿಮ್ಮ ತಿಥಿಯೂಟ ಮುಗಿದ ಮೇಲೆ ದೊಡ್ಡಮ್ಮ, "ತಗೊಂಡೋಗಪ್ಪ, ನಿನ್ ಬುಟ್ರೆ ಇದ್ನ ಓದೋರು ಯಾರವ್ರೆ" ಎಂದು ಪೆಟ್ಟಿಗೆ ಕೊಟ್ಟರು. ಹುಳುಗಳು ಇನ್ನೂ ಇದ್ದವು. ಹುತ್ತದ ಅಣಬೆಯೊಂದನ್ನು ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು, ನ್ಯಾಯಾಧೀಶನ ಗಾಂಭೀರ್ಯದಿಂದ ಕುಳಿತೆ. ಅಣಬೆಯದಕ್ಕೆ ಹೊಟ್ಟೆಯಡಿ ಮಡಚಿಟ್ಟ ಕವಲುಬಾಲ, ಮುಟ್ಟಿದರೆ ಚಿಮ್ಮುತ್ತದೆ. ಪೆಟ್ಟಿಗೆಯದಕ್ಕೆ ಬಾಲವೇ ಇಲ್ಲ; ದಪ್ಪ ತಲೆ, ಚಪ್ಪಟೆ ಮೈ, ಓಡುವುದೊಂದೇ ಗೊತ್ತು. ಎರಡನ್ನೂ ಒಣ ಹಾಳೆಯ ಮೇಲೆ ಬಿಟ್ಟೆ. ಮಧ್ಯಾಹ್ನದೊಳಗೆ ಅಣಬೆಯದು ಸುರುಟಿ ಸತ್ತಿತು. ಇನ್ನೊಂದು ಆರಾಮಾಗಿ ಓಡಾಡುತ್ತಿತ್ತು. ನೀವು ಸೋತಿರಿ.

ಸರಸ್ವತಿ ಪೂಜೆಯ ದಿನ ಪುಸ್ತಕಗಳಿಗೆ ಅರಿಶಿನದ ನೀರು ಚಿಮುಕಿಸಿ, ಆರುವ ಮೊದಲೇ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದವರು ಯಾರು? ಬೂಷ್ಟನ್ನು ಬೆಳೆಸಿದವರು ನೀವು. ಹುಳುಗಳು ಊಟಕ್ಕೆ ಬಂದವು, ಅಷ್ಟೇ.

ನಿಮಗೆ ತಿಳಿಯದೇ ಹೋದ ಸುದ್ದಿ ಒಂದಿದೆ. ಆವತ್ತು ನಾನು ಬೀದಿಗಿಳಿದ ಮೇಲೆ ನೀವು ಒಳಗಿನಿಂದ ಕೂಗಿದ್ದು ಕೇಳಿಸಿತ್ತು: "ನನ್ ಭೂತಗನ್ನಡಿ ಎಲ್ಲೇ? ಆ ಉಳಾನ ಒಂದ್ಸಲ ನೋಡೇ ಬುಡ್ತೀನಿ, ಆ ಉಡ್ಗ ನಿಜ ಏಳಿದ್ರೂ ಏಳಿರ್ಬೋದು." ಕೊನೆಯವರೆಗೂ ಹುಡುಕಿದಿರಂತೆ, ದೊಡ್ಡಮ್ಮನನ್ನು ಬೈದಿರಂತೆ. ಅದು ನನ್ನ ಪಂಚೆಯ ಮಡಿಕೆಯಲ್ಲಿತ್ತು, ದೊಡ್ಡಪ್ಪ. ಬಾಗಿಲು ದಾಟುವಾಗ ಸಿಟ್ಟಿಗೆ ಎತ್ತಿಕೊಂಡಿದ್ದೆ. ನೀವು ಒಂದೇ ಒಂದು ಸಲ ನೋಡಿದ್ದರೆ…