ಮಗುಚಿ ಅಂಟಿಸಿದ ಎಲೆ

ಸೋಮವಾರ, ಸಂಜೆ

ನಮ್ಮ ಮನೆಯ ಅಲೆಮಾರಿ ಯಜಮಾನರಿಗೆ ನಮಸ್ಕಾರ.

ಮೂರು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಅದರಲ್ಲಿದ್ದದ್ದು ಒಂದೇ ಮಾತು: ಬರಲೇ? ನನಗಿಂತ ಒಣಗಿದ ಎಲೆಗಳೇ ನಿನಗೆ ಹೆಚ್ಚು ಎಂದು ಕೂಗಾಡಿ, ಬಾಗಿಲು ದಡಾರನೆ ಎಳೆದುಕೊಂಡು ಹೋದವರು ಈಗ ಒಪ್ಪಿಗೆ ಕೇಳುವಷ್ಟು ಸಾಧುವಾಗಿದ್ದೀರಿ. ಸಂತೋಷ. ಆದರೆ ಬರುವ ಅಗತ್ಯವೇನೂ ಇಲ್ಲ. ನಾನು ಚೆನ್ನಾಗಿದ್ದೇನೆ.

ಗುಡ್ಡದಿಂದ ನೀವೇ ತಂದು ಅಡುಗೆಮನೆಯ ಕಿಟಕಿಯಾಚೆ ನೆಟ್ಟ ಆ ಕಾಡುಪೊದೆಯೂ ಚೆನ್ನಾಗಿದೆ. ಈಗ ನನ್ನ ಹೆಗಲುದ್ದ, ಮೈತುಂಬ ಬಿಳಿ ಹೂ. ಎರಡು ಎಲೆಗಳನ್ನು ನಡುವೆ ಸೇರಿಸಿ ಹೊಲಿದಂತಿರುವ ಅದರ ಎಲೆಗಳು ಸಂಜೆಯಾದರೆ ಇವತ್ತಿಗೂ ಪುಸ್ತಕದ ಹಾಗೆ ಮಡಚಿಕೊಳ್ಳುತ್ತವೆ. ಅವು ಮಡಚಿಕೊಂಡ ಮೇಲೆ ನನಗೆ ಮಾತಾಡಿಸಲು ಯಾರೂ ಇರುವುದಿಲ್ಲ. ರೇಡಿಯೋ ಹಾಕುತ್ತೇನೆ.

ಸಸ್ಯ ಸಂಗ್ರಹಾಲಯದ ಕೆಲಸ ಮಾಮೂಲು. ಹೋದ ವಾರ ಇದೇ ಪೊದೆಯ ಒಣಗಿಸಿದ ರೆಂಬೆಗಳನ್ನು ಹಾಳೆಗೆ ಅಂಟಿಸಲು ಕೊಟ್ಟರು. ನಿಮಗೆ ಗೊತ್ತಲ್ಲ, ಪ್ರತಿ ಹಾಳೆಯಲ್ಲೂ ಒಂದು ಎಲೆಯನ್ನಾದರೂ ಮಗುಚಿ ಅಂಟಿಸಬೇಕು, ನೋಡುವವರಿಗೆ ಎಲೆಯ ಬೆನ್ನೂ ಕಾಣಬೇಕು. ಮೂವತ್ತು ವರ್ಷ ತಪ್ಪದವಳು ನಾಲ್ಕು ಹಾಳೆಗಳಲ್ಲಿ ಒಂದೆಲೆಯನ್ನೂ ಮಗುಚಿರಲಿಲ್ಲ. ಮೇಲಧಿಕಾರಿ ಬಂದು, ಏನಕ್ಕಾ, ಈ ಗಿಡಕ್ಕೆ ಬೆನ್ನೇ ಇಲ್ವಾ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಮ್ಮ ಕಾಗದ ಬಂದ ಗುಂಗಿನಲ್ಲಿ ಹಾಗಾಯಿತು ಎಂದುಕೊಳ್ಳಿ, ನಿಮಗೂ ಸ್ವಲ್ಪ ಜಂಬ ಬರಲಿ.

ಅಂದು ನೀವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೂ ಕೆಲಸ ಹೊತ್ತು ತರುತ್ತಿದ್ದೆ. ಊಟಕ್ಕೆ ಕೂತಾಗಲೂ ನನ್ನ ಕಣ್ಣು ಆ ಹಾಳೆಗಳ ಮೇಲೇ. ನೀವು ಏನೋ ಹೇಳುತ್ತಿದ್ದಿರಿ, ನಾನು ಹೂಂ ಅನ್ನುತ್ತಿದ್ದೆ. ಆ ಹೂಂಗಳಿಗೆ ಈಗ ನಾಚಿಕೆಯಾಗುತ್ತದೆ.

ಇರಲಿ. ಈಗ ಇಬ್ಬರಿಗೂ ಒಂಟಿಯಾಗಿದ್ದು ರೂಢಿಯಾಗಿದೆ. ಬಿಸಿಲಲ್ಲಿ ಗುಡ್ಡ ಹತ್ತಬೇಡಿ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳಿ.

ಇಂತು,
ಗೋಂದಿನ ಕೈಯವಳು

(ಹಾಳೆಯ ಹಿಂಬದಿಯಲ್ಲಿ)

ಮಗುಚಿ ನೋಡುತ್ತೀರೆಂದು ಗೊತ್ತಿತ್ತು. ಗುಂಗೂ ಇಲ್ಲ, ಮಣ್ಣೂ ಇಲ್ಲ. ಎಲೆಯ ಮುಖ ಯಾವುದು, ಬೆನ್ನು ಯಾವುದು ಎಂದು ನನಗೀಗ ಕಾಣುವುದಿಲ್ಲ. ಉಳಿದಿರುವ ದೃಷ್ಟಿ ಇನ್ನು ಕೆಲವೇ ತಿಂಗಳು ಎಂದಿದ್ದಾರೆ ಕಣ್ಣಿನ ಡಾಕ್ಟರು. ಬೇಗ ಬನ್ನಿ. ಕಿಟಕಿಯ ಬೆಳಕು ಬೀಳುವ ಕಡೆ, ನನ್ನ ಎದುರಿಗೇ ಕೂತುಕೊಳ್ಳಿ. ಈ ಸಲ ನಿಮ್ಮ ಮುಖ ನೋಡುತ್ತಲೇ ಊಟ ಮಾಡುತ್ತೇನೆ.